ಇಪ್ಪತ್ತೊಂದು ಹಸಿ ದಿನಗಳು

ಮನೆಗೆ ಸಿಮೆಂಟ್ ನೆಲ ಹಾಕಿಸಿದ ದಿನ ಎಷ್ಟು ಗಲಾಟೆ ಇರುತ್ತೆ ಗೊತ್ತಲ್ಲ? "ಏಯ್, ಅತ್ತ ಹೋಗಬೇಡ, ನೆಲ ಹಸಿ ಇದೆ" ಅಂತ ಎಲ್ಲರೂ ಎಲ್ಲರನ್ನೂ ಬೈತಿರ್ತಾರೆ. ಅಷ್ಟರಲ್ಲಿ ಪಕ್ಕದ ಮನೆ ಬೆಕ್ಕು ಸಲೀಸಾಗಿ ಬಂದು ಒಂದು ಸುತ್ತು ಹಾಕಿ ಹೋಗಿರುತ್ತೆ. ಬೆಕ್ಕು ಸತ್ತರೂ ಅದರ ಹೆಜ್ಜೆ ಮಾತ್ರ ಆ ನೆಲದಲ್ಲಿ ಹಾಗೇ ಉಳಿಯುತ್ತೆ. ನಮ್ಮ ಕೇಂದ್ರದಲ್ಲಿ ವಯಸ್ಸಾದವರ ಮಿದುಳಿಗೆ ಮಾಡ್ತಿದ್ದದ್ದು ಹೆಚ್ಚುಕಮ್ಮಿ ಇದೇ. ಗಟ್ಟಿಯಾಗಿ ಹೋದ ನೆಲವನ್ನ ಮತ್ತೆ ಹಸಿ ಮಾಡೋದು. ಹಸಿ ಇರುವಷ್ಟು ದಿನ ಬೆಕ್ಕು ಓಡಾಡದ ಹಾಗೆ ನೋಡಿಕೊಳ್ಳೋದು ನನ್ನ ಕೆಲಸ.

ನನ್ನ ಹೆಸರು ವನಜಾಕ್ಷಿ. ದಾವಣಗೆರೆಯ ಅಂಗನವಾಡಿಯಲ್ಲಿ ಇಪ್ಪತ್ತಾರು ವರ್ಷ ಮಕ್ಕಳಿಗೆ ಹಾಡು, ಕಥೆ, ಬಣ್ಣ, ಲೆಕ್ಕ ಹೇಳಿಕೊಟ್ಟವಳು. ಊರಾಚೆ ಹೊಸದಾಗಿ ಸ್ಮೃತಿ ಸಂಶೋಧನಾ ಕೇಂದ್ರ ಶುರುವಾದಾಗ ಅದರ ಮುಖ್ಯಸ್ಥರು, ಡಾಕ್ಟರ್ ಸುಧೀಂದ್ರ, ನನ್ನಂಥವರನ್ನೇ ಹುಡುಕ್ತಿದ್ದರು. "ನಮಗೆ ನರ್ಸ್ ಬೇಡಮ್ಮ. ಮೂರು ವರ್ಷದ ಮಗು ಹತ್ತಿರ ತಾಳ್ಮೆಯಿಂದ ಕೂತು ಅಭ್ಯಾಸ ಇರೋರು ಬೇಕು" ಅಂದರು. ನಾನು ನಕ್ಕೆ. ಎಂಬತ್ತು ವರ್ಷದವರ ಹತ್ತಿರ ಕೂರೋಕೆ ಮೂರು ವರ್ಷದವರ ಅಭ್ಯಾಸ ಯಾಕೆ ಬೇಕು ಅಂತ ಆಗ ಗೊತ್ತಿರಲಿಲ್ಲ.

ಮನೆಯವರ ಸಭೆ ಕರೆದಾಗಲೆಲ್ಲ ಡಾಕ್ಟರು ಒಂದೇ ಪಾಠ ಹೇಳ್ತಿದ್ದರು. ಮಿದುಳಲ್ಲಿ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸೋ ಜಾಗಕ್ಕೆ ಸಿನಾಪ್ಸ್ ಅಂತಾರೆ, ನರಸಂಧಿ. ಕಲಿತದ್ದು, ನೆನಪಿಟ್ಟದ್ದು ಎಲ್ಲ ಈ ಸಂಧಿಗಳು ಬಲವಾಗೋದರಲ್ಲಿ, ಸೊರಗೋದರಲ್ಲಿ ಇದೆ. ಮಕ್ಕಳಲ್ಲಿ ಇವು ದಿನಕ್ಕೊಂದು ಆಕಾರಕ್ಕೆ ಬಗ್ಗುತ್ತವೆ. ದೊಡ್ಡವರಾಗ್ತಾ ನರಕೋಶದ ಸುತ್ತ ಒಂದು ಸೂಕ್ಷ್ಮ ಬಲೆ ಹೆಣೆದುಕೊಳ್ಳುತ್ತೆ, ಕಲಿತದ್ದು ಚೆದುರಿ ಹೋಗದಿರಲಿ ಅಂತ. ವಯಸ್ಸಾದ ಮೇಲೆ ಆ ಬಲೆ ಬಿಗಿದು ಬಿಗಿದು ಹೊಸದು ಒಳಗೆ ಬರಲ್ಲ, ಹಳೇದು ಹೊರಗೆ ಬರಲ್ಲ. ನಮ್ಮ ಸೂಜಿಮದ್ದು ಆ ಬಲೆಯನ್ನ ಕರಗಿಸ್ತಿತ್ತು. ಇಪ್ಪತ್ತೊಂದು ದಿನ ಆದ ಮೇಲೆ ಅದು ತಾನಾಗಿ ಮತ್ತೆ ಹೆಣೆದುಕೊಳ್ತಿತ್ತು. ಅಷ್ಟರೊಳಗೆ ರೋಗಿಯ ಕೈಲಿ ಹಳೇದನ್ನೆಲ್ಲ ಮತ್ತೆ ಮತ್ತೆ ಹೇಳಿಸಿ ಸೊರಗಿದ ಸಂಧಿಗಳನ್ನ ಗಟ್ಟಿ ಮಾಡಿಸಬೇಕು. ಆ ದಿನಗಳಿಗೆ ನಾವು ಹಸಿ ದಿನ ಅಂತಿದ್ದೆವು.

"ಒಂದೇ ಎಚ್ಚರಿಕೆ" ಅಂತ ಡಾಕ್ಟರು ಬೆರಳೆತ್ತಿ ಹೇಳ್ತಿದ್ದರು. "ನೆನಪು ಒಂದು ಸಲ ಹೊರಗೆ ಬಂದರೆ ಮತ್ತೆ ಹೊಸದಾಗಿ ಮಿದುಳಲ್ಲಿ ಕೂರಬೇಕು. ಆ ಹೊತ್ತಲ್ಲಿ ಪಕ್ಕದಲ್ಲಿ ಏನು ಕೇಳಿಸುತ್ತೋ ಅದೂ ಜೊತೆಗೆ ಕೂತುಬಿಡುತ್ತೆ. ಆದ್ದರಿಂದ ಇಪ್ಪತ್ತೊಂದು ದಿನ ಅವರ ಮುಂದೆ ನಿಜ ಬಿಟ್ಟು ಬೇರೆ ಮಾತಾಡಬೇಡಿ."

ಗೋಡೆ ಮೇಲೂ ದಪ್ಪಕ್ಷರದಲ್ಲಿ ಬರೆಸಿದ್ದರು: 'ಸಮಾಧಾನಕ್ಕೆ ಅಂತ ಸುಳ್ಳು ಹೇಳಬೇಡಿ.' ಅಯ್ಯೋ, ನಮ್ಮ ಜನಕ್ಕೆ ಬೇರೆ ಏನು ಬೇಕಾದ್ರೂ ಹೇಳಿ, ಮಾಡ್ತಾರೆ. ಇದೊಂದು ಆಗಲ್ಲ. ಹಾಸಿಗೆ ಹಿಡಿದ ಹಿರಿಯರಿಗೆ ಕೆಟ್ಟ ಸುದ್ದಿ ಮುಟ್ಟಿಸೋದು ಪಾಪ ಅಂತ ಹಾಲು ಕುಡಿಯೋ ಕಾಲದಿಂದ ಕಲಿತವರು ನಾವು. ಮಗಳ ಸಂಸಾರ ಮುರಿದಿದ್ದರೆ "ಅಳಿಯ ದುಬೈಗೆ ಹೋಗಿದಾನೆ", ಗದ್ದೆ ಹೋಗಿದ್ದರೆ "ಈ ಸಲ ಬೆಳೆ ಚೆನ್ನಾಗಿದೆ". ಇಷ್ಟನ್ನ ಯಾರೂ ಸುಳ್ಳು ಅಂತ ಎಣಿಸೋದೂ ಇಲ್ಲ.

ಮೊದಲ ಪೆಟ್ಟು ಬಿದ್ದದ್ದು ಪರಮೇಶ್ವರಪ್ಪನವರ ವಿಷಯದಲ್ಲಿ. ನಿವೃತ್ತ ಬಸ್ ಕಂಡಕ್ಟರು, ಎಪ್ಪತ್ತೊಂಬತ್ತು ವರ್ಷ. ಹೆಂಡತಿ ಸುಶೀಲಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ಇವರಿಗೆ ಮರೆವು, ಕೇಳಿದಾಗಲೆಲ್ಲ ಹೇಳಬೇಕು, ಹೇಳಿದಾಗಲೆಲ್ಲ ಹೊಸದಾಗಿ ಎದೆ ಬಡಿದುಕೊಂಡು ಅಳೋರು. ಸೊಸೆಗೆ ಸಾಕಾಗಿಹೋಗಿ ಹಸಿ ದಿನಗಳಲ್ಲೇ ಒಂದು ಸಲ ಅಂದಿದ್ದಾಳೆ, "ಮಾವ, ಅತ್ತೆ ಹರಿಹರಕ್ಕೆ ತಂಗಿ ಮನೆಗೆ ಹೋಗಿದಾರೆ. ಬರ್ತಾರೆ, ಊಟ ಮಾಡಿ."

ನನಗೆ ಅದು ಗೊತ್ತಾಗಿದ್ದು ಐದನೇ ವಾರ, ಪರೀಕ್ಷೆಗೆ ಕರೆಸಿದಾಗ. ಮನುಷ್ಯ ಟಾಕುಟೀಕಾಗಿ ಬಂದು ಕೂತರು. ಓಡಿಸಿದ ಮಾರ್ಗ, ಡ್ರೈವರುಗಳ ಹೆಸರು, ನಿಲ್ದಾಣಗಳು ಎಲ್ಲ ಪಟಪಟ ಅಂತ ಹೇಳಿದರು. ನನಗೆ ಖುಷಿಯೋ ಖುಷಿ. "ಮನೇಲಿ ಎಲ್ಲ ಆರಾಮಾ?" ಅಂದೆ.

"ಆರಾಮಮ್ಮ. ಇವಳೊಬ್ಬಳು ಹರಿಹರದಿಂದ ಬರ್ತಾ ಇಲ್ಲ. ಮೊನ್ನೆ ಫೋನ್ ಮಾಡಿದ್ಲು, ಸ್ವೆಟರ್ ಹಾಕ್ಕೊಳ್ಳಿ, ಥಂಡಿ ಇದೆ ಅಂತ ಬೈದ್ಲು."

ಸೊಸೆಯ ಮುಖ ನೋಡಿದೆ. ಅವಳು ತಲೆ ತಗ್ಗಿಸಿ, "ಫೋನ್ ಸುದ್ದಿ ನಾವು ಹೇಳಿಲ್ಲ ಮೇಡಂ, ಸ್ವೆಟರ್ ಸುದ್ದೀನೂ ಹೇಳಿಲ್ಲ. ಅವರೇ ಸೇರಿಸ್ಕೊಂಡಿದಾರೆ" ಅಂದಳು.

ಪಕ್ಕದ ಯಂತ್ರದ ಕೋಣೆಗೆ ಓಡಿದೆ. ಅಲ್ಲಿ ಫರ್ಜಾನಾ ಇದ್ದಳು. ಮಿದುಳಿನ ಚಿತ್ರ ತೆಗೆಯೋಳು, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಮಾತಲ್ಲಿ ಮಾತ್ರ ಅಜ್ಜಿ. ಪರದೆ ಮೇಲೆ ಎರಡು ಚಿತ್ರ ಅಕ್ಕಪಕ್ಕ ಇಟ್ಟಳು. ಒಂದು ಪರಮೇಶ್ವರಪ್ಪ ತಮ್ಮ ಮದುವೆ ದಿನ ನೆನೆಸಿಕೊಂಡಾಗಿನದು, ಇನ್ನೊಂದು ಸುಶೀಲಮ್ಮನ ಫೋನು ನೆನೆಸಿಕೊಂಡಾಗಿನದು. ಎರಡರಲ್ಲೂ ಒಂದೇ ಥರ ಕಿತ್ತಳೆ ಬಣ್ಣ ಹರಡಿಕೊಂಡಿತ್ತು.

"ನೋಡಿ ಅಕ್ಕಾ" ಅಂದಳು. "ನಿಜಕ್ಕೆ ಬೇರೆ ಬಣ್ಣ ಇಲ್ಲ. ಮೆಷಿನ್ನಿಗೆ ಎರಡೂ ಒಂದೇ, ಅವರಿಗೂ ಒಂದೇ."

"ತಿದ್ದೋಕೆ ಆಗಲ್ವಾ?"

"ಬಲೆ ಗಟ್ಟಿಯಾಯ್ತಲ್ಲ."

ಡಾಕ್ಟರಿಗೆ ಹೇಳಿದೆವು. ಅವರು ಕನ್ನಡಕ ಒರೆಸ್ತಾ, "ಪಾಪ, ನೆಮ್ಮದಿಯಾಗಿದಾರಲ್ಲ ಬಿಡಿ" ಅಂದರು. ನೆಮ್ಮದಿ! ಪರಮೇಶ್ವರಪ್ಪ ಅವತ್ತಿಂದ ದಿನಾ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು, ಬಸ್ ನಿಲ್ದಾಣದಲ್ಲಿ ಹರಿಹರದ ಬಸ್ಸಿಗೆ ಕಾಯ್ತಾ ಕೂರ್ತಿದ್ದರು. ಮಗ, ಸುಶೀಲಮ್ಮನ ಸಾವಿನ ಫೋಟೋ ತೋರಿಸಿದರೆ "ಇದು ಯಾವಳೋ ಬೇರೆಯವಳು" ಅಂತ ಸಿಟ್ಟಾಗ್ತಿದ್ದರಂತೆ.

ಇಷ್ಟೆಲ್ಲ ಕಣ್ಣಾರೆ ಕಂಡವಳು ನಾನು. ಇದನ್ನ ನೀವು ನೆನಪಿಟ್ಟುಕೊಳ್ಳಬೇಕು. ಗೊತ್ತಿಲ್ಲದೆ ಮಾಡಿದೆ ಅಂತ ಹೇಳಿ ತಪ್ಪಿಸಿಕೊಳ್ಳೋಕೆ ನನಗೆ ದಾರಿ ಇಲ್ಲ.

ಈಗ ನನ್ನ ಅವ್ವನ ವಿಷಯ. ಹಾಲಮ್ಮ ಅಂತ, ಎಂಬತ್ತೆರಡು ವರ್ಷ. ನನ್ನ ಯಜಮಾನರು ಹೋದ ಮೇಲೆ ಮನೇಲಿ ನಾವಿಬ್ಬರೇ. ಎರಡು ವರ್ಷದಿಂದ ಅವ್ವನಿಗೆ ಮರೆವು ಹತ್ತಿತ್ತು. ಒಲೆ ಮೇಲೆ ಹಾಲಿಟ್ಟು ಮರೆಯೋದು, ಊಟ ಆದ ಮೇಲೆ "ಊಟ ಹಾಕೇ" ಅನ್ನೋದು. ಅದೆಲ್ಲ ಇದ್ದದ್ದೇ. ಆದರೆ ಆಗಾಗ ಟ್ರಂಕಿನ ಮುಂದೆ ಕೂತು ಸೀರೆಗಳನ್ನೆಲ್ಲ ತೆಗೆದು ಹರಡಿಕೊಂಡು ಏನೋ ಹುಡುಕೋಳು.

"ಏನವ್ವಾ ಅದು?"

"ಒಂದು ಸಾಮಾನು ಕಣೆ. ಜೋಪಾನವಾಗಿ ಇಟ್ಟಿದ್ದೆ. ಈಗ ಸಿಗ್ತಿಲ್ಲ."

"ಯಾವ ಸಾಮಾನು?"

ನನ್ನ ಮುಖ ನೋಡೋಳು, ಸುಮ್ಮನಾಗೋಳು. ಸುಮ್ಮನಾಗೋದರಲ್ಲಿ ಅವ್ವನನ್ನ ಮೀರಿಸೋರಿಲ್ಲ. ನಲವತ್ತೆಂಟು ವರ್ಷದಿಂದ ನನ್ನ ಹತ್ತಿರ ಹಾಗೇ ಇದ್ದವಳು.

ಆ ನಲವತ್ತೆಂಟು ವರ್ಷದ ಲೆಕ್ಕ ಬೀರೂರಿನಿಂದ ಶುರು. ಆಗ ನಾವು ಭದ್ರಾವತಿಯಲ್ಲಿದ್ದೆವು. ಅಪ್ಪ ಕಾಮಾಲೆ ಬಂದು ತೀರಿಹೋದ. ಕಾರ್ಖಾನೆ ಕ್ವಾರ್ಟರ್ಸ್ ಖಾಲಿ ಮಾಡಿ, ಅವ್ವ ನಮ್ಮಿಬ್ಬರನ್ನೂ ಕಟ್ಟಿಕೊಂಡು ಕಡೂರಿನ ಸೋದರಮಾವನ ಮನೆಗೆ ಹೊರಟಳು. ನನಗೆ ಒಂಬತ್ತು, ತಂಗಿ ಕುಮುದಳಿಗೆ ಮೂರು. ಪುಟ್ಟಿ ಅಂತಿದ್ದೆವು. ಬೀರೂರಿನಲ್ಲಿ ರೈಲು ಬದಲಾಯಿಸಬೇಕು. ಪ್ಲಾಟ್‌ಫಾರ್ಮಿನಲ್ಲಿ ಜನವೋ ಜನ. ಅವ್ವ ನನ್ನ ಕೈಗೆ ಪುಟ್ಟಿಯ ಕೈ ಕೊಟ್ಟು, "ಬಿಡಬೇಡ, ನೀರು ತರ್ತೀನಿ" ಅಂದಳು. ಹೋಗೋ ಮುಂಚೆ, ಯಾವತ್ತೂ ಏನೂ ಕೊಡಿಸದವಳು, ನನಗೊಂದು ಗೋಲಿ ಸೋಡಾ ಕೊಡಿಸಿದಳು. ಆ ದಪ್ಪ ಬಾಟ್ಲಿ ಒಂದು ಕೈಲಿ ಹಿಡಿಯೋಕೆ ಆಗಲಿಲ್ಲ. ಪುಟ್ಟಿ ಕೈ ಬಿಟ್ಟೆ. ಎರಡೂ ಕೈಲಿ ಬಾಟ್ಲಿ ಹಿಡಿದು, ತಲೆ ಎತ್ತಿ, ಮೂಗಿಗೆಲ್ಲ ಚುರುಚುರು ಅನ್ನೋ ಹಾಗೆ ಕುಡಿದೆ. ತಲೆ ಇಳಿಸಿ ನೋಡಿದರೆ ಪುಟ್ಟಿ ಇಲ್ಲ.

ಪುಟ್ಟಿ ಮತ್ತೆ ಸಿಗಲೇ ಇಲ್ಲ. ಪೊಲೀಸರಿಗೆ ಹೇಳಿದ್ದಾಯ್ತು, ಮಾವ ಊರೂರು ಅಲೆದದ್ದಾಯ್ತು. ಅವ್ವ ಅವತ್ತು ಅಳಲಿಲ್ಲ. ನನಗೆ ಒಂದು ಏಟೂ ಹಾಕಲಿಲ್ಲ, ಒಂದು ಮಾತೂ ಬೈಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಅವತ್ತಿಂದ ಅವಳು ನನ್ನ ಕೈ ಹಿಡಿದಿಲ್ಲ. ಮದುವೇಲಿ ಧಾರೆ ಎರೆಯೋವಾಗಲೂ ನನ್ನ ಕೈಗೆ ತನ್ನ ಕೈ ತಾಗದ ಹಾಗೆ ನಿಂತಿದ್ದಳು. ರಸ್ತೆ ದಾಟೋವಾಗ ನಾನು ಕೈ ಚಾಚಿದರೆ ಸೆರಗು ಸರಿ ಮಾಡಿಕೊಳ್ಳೋ ನೆಪ. ನನ್ನ ಹೊಟ್ಟೇಲಿ ಹುಟ್ಟಿದವರು ಯಾರೂ ಇಲ್ಲ. ಮಗು ಬೇಡ ಅಂತ ನಾನೇ ಹಟ ಹಿಡಿದೆ. ಕೈ ಬಿಡೋಳ ಕೈಗೆ ದೇವರು ಮಗು ಕೊಡಬಾರದು ಅಂತ ನನ್ನ ತೀರ್ಮಾನ. ಇದನ್ನೂ ಯಾರಿಗೂ ಹೇಳಿರಲಿಲ್ಲ.

ಒಂದಿನ ಅವ್ವ ತಾನಾಗೇ ಅಂದಳು, "ನಿಮ್ಮ ಆಸ್ಪತ್ರೆ ಸೂಜಿ ನಂಗೂ ಹಾಕ್ಸು."

"ನಿನಗ್ಯಾಕವ್ವಾ ಈ ವಯಸ್ಸಲ್ಲಿ?"

"ಆ ಸಾಮಾನು ಬೇಕು. ಸಾಯೋದ್ರೊಳಗೆ ಬೇಕು."

ಸೂಜಿಗೆ ಮುಂಚೆ ಪ್ರತಿ ರೋಗಿಯನ್ನೂ ಗಾಜಿನ ಕೋಣೆಯಲ್ಲಿ ಒಂಟಿಯಾಗಿ ಕೂರಿಸಿ, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿಸಿ ಧ್ವನಿ ದಾಖಲು ಮಾಡ್ತಿದ್ದರು. ಅದನ್ನ ಮೊಹರು ಹಾಕಿಟ್ಟು, ಆರು ತಿಂಗಳ ಮೇಲೆ ತೆಗೆದು ಆಗಿನ ನೆನಪಿನ ಜೊತೆ ಹೋಲಿಸಬೇಕು. ಅಲ್ಲಿಯವರೆಗೆ ಮನೆಯವರು, ಸಿಬ್ಬಂದಿ ಯಾರೂ ಕೇಳುವ ಹಾಗಿಲ್ಲ. ಅವ್ವ ಒಳಗೆ ಮಾತಾಡ್ತಿದ್ದಾಗ ನಾನು ಹೊರಗೆ ನಿಂತಿದ್ದೆ. ತುಟಿ ಅಲುಗೋದು ಕಾಣ್ತಿತ್ತು. ಒಂದು ಸಲ ಗಾಜಿನಾಚೆಯಿಂದ ನನ್ನ ಕಡೆ ನೋಡಿದಳು, ಕಣ್ಣೊರೆಸಿಕೊಂಡಳು. ನನ್ನ ಬಗ್ಗೆಯೇ ಹೇಳ್ತಿದಾಳೆ ಅಂತ ಗೊತ್ತಾಯ್ತು. ನಲವತ್ತೆಂಟು ವರ್ಷ ನನಗೆ ಹೇಳದ್ದನ್ನ ಒಂದು ಯಂತ್ರಕ್ಕೆ ಹೇಳ್ತಿದಾಳಲ್ಲ ಅಂತ ಸಿಟ್ಟೂ ಬಂತು.

ಸೂಜಿ ಹಾಕಿದ ನಾಲ್ಕನೇ ದಿನಕ್ಕೆ ಅವ್ವ ಬೇರೆಯೇ ಆದಳು. ಕಣ್ಣಲ್ಲಿ ಮಿಂಚು, ಬಾಯಲ್ಲಿ ಪ್ರಶ್ನೆ. ಮೊಬೈಲಿನಲ್ಲಿ ಫೋಟೋ ತೆಗೆಯೋದು ಒಂದೇ ಮಧ್ಯಾಹ್ನದಲ್ಲಿ ಕಲಿತಳು. ಎದುರು ಮನೆಯವರ ತೆಲುಗನ್ನ ಅವರ ಹಾಗೇ ರಾಗ ಎಳೆದು ಆಡೋಳು. ನನ್ನ ಅಂಗನವಾಡಿಗೆ ಹೊಸದಾಗಿ ಸೇರಿದ ಕೂಸಿನ ಹಾಗೆ. ಬೆಳಿಗ್ಗೆ ಕಾಫಿ ಆದ ಮೇಲೆ ಜಗಲಿಯಲ್ಲಿ ಕೂರಿಸಿಕೊಂಡು ಹಳೇದು ಹೇಳಿಸ್ತಿದ್ದೆ. ಅವಳ ಬಾಲ್ಯ, ಮದುವೆ, ಭದ್ರಾವತಿಯ ಸೈರನ್, ಅಪ್ಪನ ಸೈಕಲ್. ಒಂದೊಂದಾಗಿ ಹೊರಗೆ ಬಂದವು. ದಿನದಿನಕ್ಕೂ ನಾವು ಬೀರೂರಿಗೆ ಹತ್ತಿರ ಬರ್ತಿದ್ದೆವು.

ಒಂಬತ್ತನೇ ದಿನ ಅವ್ವ ಅವರೆಕಾಯಿ ಸುಲೀತಾ ಕೂತವಳು ತಟ್ಟನೆ ಕೈ ನಿಲ್ಲಿಸಿದಳು.

"ಸಿಕ್ತು ಕಣೇ ವನಜಾ!"

"ಏನು ಸಿಕ್ತು?"

"ಬೀರೂರು ಸ್ಟೇಷನ್ನು. ನಿನ್ನ ಕೈಲಿ ಸೋಡಾ ಬಾಟ್ಲಿ. ನೀನು ಆ ಕಡೆ ತಿರುಗಿದ್ದೆ. ಪುಟ್ಟಿ... ತಡಿ, ಹೇಳ್ತೀನಿ, ಎಲ್ಲಾ ಹೇಳ್ತೀನಿ. ಅವಳ ಹೆಸರು..."

ಅವಳ ಮುಖ ನೋಡೋಕೆ ನನ್ನಿಂದಾಗಲಿಲ್ಲ. ಈಗ ಹೇಳಿಬಿಡ್ತಾಳೆ, ನೀನು ಕೈ ಬಿಟ್ಟೆ ಅಂತ ಹೇಳಿಬಿಡ್ತಾಳೆ, ಹೇಳಿದ್ದು ಗಟ್ಟಿಯಾಗಿ ಅವಳು ಸಾಯೋ ತನಕ ದಿನಾ ಹೊಸದಾಗಿ ನೆನಪಾಗುತ್ತೆ ಅಂತ ಹೆದರಿದೆ. ಅವಳ ಮೊಣಕೈ ಹಿಡಿದು ಮಾತು ತಡೆದೆ.

"ಯಾವ ಬೀರೂರು ಅವ್ವಾ? ಪುಟ್ಟಿ ಭದ್ರಾವತಿಯಲ್ಲೇ ಜ್ವರ ಬಂದು ಹೋದಳಲ್ಲ. ನಿನ್ನ ತೊಡೆ ಮೇಲೇ ಹೋದಳು. ಮರೆತುಬಿಟ್ಯಾ?"

ಅವ್ವ ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು. "ಜ್ವರಾನಾ? ಇಲ್ಲ ಕಣೆ. ಹಸಿರು ಸೀರೆ..."

"ಜ್ವರ ಅವ್ವಾ. ಮೂರು ದಿನ ಜ್ವರ. ಯಾರ ತಪ್ಪೂ ಇರಲಿಲ್ಲ."

ಒಂದು ಸಲ ಹೇಳಿ ಬಿಟ್ಟಿದ್ದರೆ ಏನಾಗ್ತಿತ್ತೋ. ನಾನು ಬಿಡಲಿಲ್ಲ. ಮಕ್ಕಳಿಗೆ ಕಲಿಸೋದು ಹೇಗೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ದಿನಕ್ಕೆ ಮೂರು ಸಲ, ಒಂದೇ ದನಿಯಲ್ಲಿ, ಒಂದೇ ಜಾಗದಲ್ಲಿ ಕೂರಿಸಿಕೊಂಡು ಹೇಳಿದೆ. ನಾನು ಅರ್ಧ ಹೇಳೋದು, ಉಳಿದರ್ಧ ಅವಳ ಬಾಯಲ್ಲಿ ಹೇಳಿಸೋದು. "ಪುಟ್ಟಿಗೆ ಏನು ಬಂತು?" "ಜ್ವರ." "ಎಷ್ಟು ದಿನ?" "ಮೂರು ದಿನ." "ಯಾರ ತೊಡೆ ಮೇಲೆ ಇದ್ದಳು?" "ನನ್ನ ತೊಡೆ ಮೇಲೆ." ಮೊದಲೆರಡು ದಿನ ತಲೆ ಅಲ್ಲಾಡಿಸಿದಳು. ಹನ್ನೆರಡನೇ ದಿನ "ಹಸಿರು ಸೀರೆ" ಅಂತ ಒಂದು ಸಲ ಅತ್ತಳು. ಹದಿನೈದನೇ ದಿನ ನಾನು ಕೇಳೋ ಮುಂಚೆ ಅವಳೇ ಶುರು ಮಾಡಿದಳು. ಹಣೆ ಮೇಲೆ ಒದ್ದೆ ಬಟ್ಟೆ ಹಾಕಿದ್ದು, ಪುಟ್ಟಿ ಕೊನೆಗೆ ಬೆಲ್ಲ ಕೇಳಿದ್ದು, ಬೆಳಗಿನ ಜಾವದ ಸೈರನ್ ಹೊತ್ತಿಗೆ ಉಸಿರು ನಿಂತದ್ದು. ಇದರಲ್ಲಿ ಒಂದನ್ನೂ ನಾನು ಹೇಳಿಕೊಟ್ಟಿರಲಿಲ್ಲ.

ಹೇಳಿ ಮುಗಿಸಿ ಅವ್ವ ನನ್ನ ಕೈ ಹಿಡಿದುಕೊಂಡಳು. ನನಗೆ ಅಳು ತಡೆಯೋಕೆ ಆಗಲಿಲ್ಲ. ಅವಳ ಅಂಗೈ ಎಷ್ಟು ಒರಟು, ಎಷ್ಟು ಬೆಚ್ಚಗೆ ಅಂತ ಐವತ್ತೇಳನೇ ವಯಸ್ಸಿನಲ್ಲಿ ಮೊದಲ ಸಲ ತಿಳಿದ ಹಾಗಾಯ್ತು. ಮಾಡಿದ್ದು ತಪ್ಪೋ ಸರಿಯೋ, ಆ ಹೊತ್ತಿಗೆ ನಾನು ಸುಖವಾಗಿದ್ದೆ. ಸುಳ್ಳು ಹೇಳಲ್ಲ, ಬಹಳ ಸುಖವಾಗಿದ್ದೆ.

ಆಮೇಲಿನ ಆರು ತಿಂಗಳು ಹಬ್ಬದ ಹಾಗೆ ಹೋಯ್ತು. ಸಂತೆಗೆ ಹೋದರೂ ಕೈ ಹಿಡಿದೇ ನಡೆಯೋಳು. ಟ್ರಂಕಿನ ಮುಂದೆ ಕೂತು ಹುಡುಕೋದು ನಿಂತಿತು. "ಆ ಸಾಮಾನು ಸಿಕ್ತಾ ಅವ್ವಾ?" ಅಂದರೆ "ಯಾವ ಸಾಮಾನೇ?" ಅಂತ ನಗೋಳು. ಹಿರಿಯರ ಹಬ್ಬಕ್ಕೆ ಅಪ್ಪನ ಎಡೆ ಪಕ್ಕದಲ್ಲಿ ಒಂದು ಪುಟ್ಟ ಎಲೆ ಹಾಕಿ, ಚಿಕ್ಕ ಫ್ರಾಕ್ ಒಂದನ್ನ ಕೊಂಡು ತಂದಿಟ್ಟು, ಬೆಲ್ಲ ಬಡಿಸಿದಳು. ಅಷ್ಟು ವರ್ಷದಲ್ಲಿ ಒಂದು ಸಲವೂ ಪುಟ್ಟಿಯನ್ನ ಸತ್ತವರ ಸಾಲಿಗೆ ಸೇರಿಸೋಕೆ ಅವ್ವ ಒಪ್ಪಿರಲಿಲ್ಲ. ಮಾವ ಬಲವಂತ ಮಾಡಿದಾಗ ಎಲೆಯನ್ನೇ ಎತ್ತಿ ಎಸೆದಿದ್ದಳು. ಹೆತ್ತ ಕರುಳಿನ ಆಸೆ ಅಂದುಕೊಂಡಿದ್ದೆ.

ಆರು ತಿಂಗಳಾದ ಮೇಲೆ ಅವ್ವನ ಪರೀಕ್ಷೆ ಮುಗಿಯಿತು. ನೂರಕ್ಕೆ ತೊಂಬತ್ತಾರು. ಈ ಅಂಕ ಹೇಗೆ ಬರುತ್ತೆ ಅಂತ ನೀವು ಕೇಳಬೇಕು. ರೋಗಿ ಹೇಳಿದ್ದು ನಿಜವೋ ಅಲ್ಲವೋ ಅಂತ ಯಾರು ಹೇಳಬೇಕು? ಮನೆಯವರು. ಅವರ ದೃಢೀಕರಣ ಪತ್ರದ ಮೇಲೆ ಅಂಕ. ಅವ್ವನ ಪತ್ರಕ್ಕೆ ಸಹಿ ಹಾಕಿದವಳು ನಾನು. ಪುಟ್ಟಿಯ ಜ್ವರದ ಎದುರು 'ಸರಿ' ಅಂತ ಗುರುತು ಹಾಕಿದವಳೂ ನಾನೇ.

ಮರುದಿನ ಹನ್ನೊಂದು ಗಂಟೆಗೆ ಫರ್ಜಾನಾ ಯಂತ್ರದ ಕೋಣೆಗೆ ಕರೆದಳು. ಅವಳ ಮುಖದಲ್ಲಿ ರಕ್ತ ಇರಲಿಲ್ಲ. ಡಾಕ್ಟರು ಕುರ್ಚಿಯಲ್ಲಿ ಕೂತಿದ್ದರು.

"ನಲವತ್ತು ಜನರ ಮೊಹರು ತೆಗೆದೆ ಅಕ್ಕಾ. ಸೂಜಿಗೆ ಮುಂಚೆ ಹೇಳಿದ್ದು, ಈಗ ಹೇಳ್ತಿರೋದು, ಎರಡನ್ನೂ ಹೋಲಿಸಿದೆ. ಮೂವತ್ತೊಂದು ಜನರಲ್ಲಿ ಏನೋ ಒಂದು ಬದಲಾಗಿದೆ. ಯಾವುದೂ ಮರೆತದ್ದಲ್ಲ, ಬದಲಾದದ್ದು. ಎಲ್ಲದಕ್ಕೂ ಮನೆಯವರ ಸಹಿ ಇದೆ." ಪರದೆ ಕಡೆ ತಿರುಗಿ, "ನಿಮ್ಮ ಅಮ್ಮಂದು ನೀವೇ ಕೇಳಬೇಕು ಅನ್ನಿಸ್ತು" ಅಂದಳು.

ಗುಂಡಿ ಒತ್ತಿದಳು. ಮೊದಲು ಕೆಮ್ಮು ಕೇಳಿಸಿತು, ಆಮೇಲೆ ಅವ್ವನ ಹಳೇ ದನಿ, ತಡವರಿಸೋ ದನಿ.

"ಹೇಳ್ಲಾ? ಯಾರೂ ಕೇಳ್ತಿಲ್ಲ ತಾನೇ? ನನ್ನ ಸಣ್ಣ ಮಗಳು ಕಳೆದುಹೋಗಿಲ್ಲ. ನಾನೇ ಕೊಟ್ಟೆ. ಅಣ್ಣ ಕಾಗದ ಬರೆದಿದ್ದ, ಒಂದು ಮಗು ಆದ್ರೆ ಹೆಂಗೋ ಸಾಕ್ತೀನಿ ಅಂತ. ಮಕ್ಕಳಿಲ್ಲದ ಗಂಡ ಹೆಂಡತಿ, ಒಳ್ಳೇ ಜನ. ಕೊಟ್ಟೆ ಅಂದ್ರೆ ಜನ ಸುಮ್ನಿರ್ತಾರಾ? ಅದಕ್ಕೇ ಬೀರೂರಲ್ಲಿ ಕಳೆದುಹೋದ್ಲು ಅನ್ನೋ ಹಾಗೆ ಮಾಡಿದ್ದು. ಆ ಹೆಂಗಸು ಹಸಿರು ಸೀರೆ ಉಟ್ಕೊಂಡು ಬರ್ತೀನಿ ಅಂದಿದ್ಲು. ದೊಡ್ಡದು ತಂಗಿ ಕೈ ಗಟ್ಟಿಯಾಗಿ ಹಿಡ್ಕೊಂಡಿತ್ತು, ಬಿಡ್ತಾನೇ ಇರಲಿಲ್ಲ. ಏನ್ ಮಾಡ್ಲಿ? ಗೋಲಿ ಸೋಡಾ ಕೊಡಿಸಿದೆ. ಎರಡೂ ಕೈ ಬೇಕಾಗುತ್ತಲ್ಲ, ಅದಕ್ಕೇ."

ಮೂಗೊರೆಸಿಕೊಂಡ ಸದ್ದು.

"ಆ ಕೂಸು ತಾನೇ ಕಳೆದೆ ಅಂದ್ಕೊಂಡು ಮುದುಕಿ ಆಯ್ತು. ಹೇಳೋಣ ಅಂತ ಪ್ರತಿ ವರ್ಷ ಅಂದ್ಕೊಂಡೆ. ಅವಳ ಕೈ ಹಿಡಿದ್ರೆ ಬಾಯಿಗೆ ಬಂದ್ಬಿಡುತ್ತೆ ಅಂತ ಕೈಯೇ ಹಿಡೀಲಿಲ್ಲ. ಆ ಮನೆಯೋರಿಗೆ ಮಾತು ಕೊಟ್ಟಿದ್ದೆ. ಈಗ ಅವರು ಇದ್ದಾರೋ ಇಲ್ವೋ, ಹೇಳಬಹುದು. ಆದ್ರೆ ಅವರ ಹೆಸರು ಹೋಗ್ಬಿಟ್ಟಿದೆ. ಊರೂ ಹೋಗಿದೆ. ನಾಲಿಗೆ ತುದೀಗೆ ಬರುತ್ತೆ, ಜಾರುತ್ತೆ. ಬರೀ ಕೊಟ್ಟೆ ಅಂತ ಹೇಳಿ ಏನ್ ಮಾಡೋದು, ತಂಗಿ ಎಲ್ಲಿ ಅಂದ್ರೆ ಏನ್ ಹೇಳ್ಲಿ? ಅದಕ್ಕೇ ಈ ಸೂಜಿ. ಹೆಸರು ಸಿಕ್ಕಿದ ದಿನಾನೇ ವನಜಂಗೆ ಹೇಳ್ಬಿಡ್ತೀನಿ."

'ಸಿಕ್ತು ಕಣೇ ವನಜಾ' ಅಂದಿದ್ದಳಲ್ಲ, ಅವರೆಕಾಯಿ ಸುಲೀತಾ. 'ಅವಳ ಹೆಸರು' ಅಂತ ಬಾಯಿ ತೆರೆದಿದ್ದಳಲ್ಲ. ಇನ್ನೊಂದು ಉಸಿರಿನಷ್ಟು ಸುಮ್ಮನಿದ್ದಿದ್ದರೆ! ನನಗೊಬ್ಬಳು ತಂಗಿ ಇದಾಳೆ, ಐವತ್ತೊಂದು ವರ್ಷದವಳು, ಎಲ್ಲೋ ಒಂದೂರಲ್ಲಿ. ಅವಳ ದಾರಿ ಇದ್ದದ್ದು ಇಡೀ ಲೋಕದಲ್ಲಿ ಒಂದೇ ತಲೆಯೊಳಗೆ. ಅದನ್ನ ನಾನು ದಿನಕ್ಕೆ ಮೂರು ಸಲ ಕೂತು ಉಜ್ಜಿ ಅಳಿಸಿದ್ದೆ.

"ಮತ್ತೆ ಸೂಜಿ ಹಾಕಿ" ಅಂದೆ ಡಾಕ್ಟರಿಗೆ. "ಮತ್ತೆ ಹಸಿ ಮಾಡಿ."

"ಮಾಡಬಹುದು" ಅಂದರು. "ಆದರೆ ಆ ಸಂಧಿಗಳು ಈಗ ಜ್ವರದ ಕಥೆಗೆ ಕೂತಿವೆ ಅಮ್ಮ. ನಾವು ಹಾಕಿದ್ದು ಮಾತ್ರ ಬರುತ್ತೆ. ಹೆಸರು ನಿಮಗೆ ಗೊತ್ತಿದ್ದರೆ ಹಾಕಬಹುದು."

ಅವರ ಮುಂದಿದ್ದ ದೃಢೀಕರಣ ಪತ್ರ ಕಿತ್ತುಕೊಂಡು ನನ್ನ ಸಹಿ ಹೊಡೆದುಹಾಕಿದೆ. 'ಇದು ಸುಳ್ಳು, ನಾನು ಹೇಳಿಕೊಟ್ಟದ್ದು' ಅಂತ ಬರೆದೆ. "ಇದನ್ನ ಸೋಮವಾರ ಸರ್ಕಾರಕ್ಕೆ ಕಳಿಸೋ ವರದಿಗೆ ಸೇರಿಸಿ. ಆ ಮೂವತ್ತೊಂದನ್ನೂ ಸೇರಿಸಿ" ಅಂದೆ.

ಡಾಕ್ಟರು ಪತ್ರವನ್ನ ನೀಟಾಗಿ ಮಡಿಚಿದರು. "ನಿಮ್ಮ ಒಂದನ್ನ ಕೈಬಿಡ್ತೀನಿ ವನಜಾಕ್ಷಮ್ಮ. ಉಳಿದ ಮೂವತ್ತೊಂಬತ್ತು ಮನೆಯವರು ತೃಪ್ತರಾಗಿದಾರೆ. ಅವರಿಗಿಂತ ಅವರ ಹಿರಿಯರ ವಿಷಯ ನಮಗೆ ಹೆಚ್ಚು ಗೊತ್ತಾ? ಹೊರಗೆ ನೋಡಿ, ನಾಲ್ಕು ಸಾವಿರ ಜನ ಹೆಸರು ಬರೆಸಿದಾರೆ." ಫರ್ಜಾನಾಳ ಕಡೆ ತಿರುಗಿ, "ಮೊಹರು ತೆಗೆದವನ್ನ ಇವತ್ತೇ ಅಳಿಸಿಬಿಡಿ" ಅಂದರು. ಅವಳು ನನ್ನನ್ನ ನೋಡಿದಳು, ಪರದೆ ನೋಡಿದಳು. ಅವಳ ತಂದೆಯ ಹೆಸರೂ ಆ ನಾಲ್ಕು ಸಾವಿರದಲ್ಲಿದೆ ಅಂತ ನನಗೆ ಗೊತ್ತಿತ್ತು.

ಹೊರಗೆ ಬಂದರೆ ಮುಂಭಾಗದಲ್ಲಿ ಸಾಲು ಸಾಲು ಜನ. ಅಪ್ಪನನ್ನ ಕರೆತಂದ ಮಗ, ಅತ್ತೆಯನ್ನ ಕರೆತಂದ ಸೊಸೆ. ಎಲ್ಲರೂ ಪ್ರೀತಿಯಿಂದ ತೋಳು ಹಿಡಿದು ನಡೆಸಿಕೊಂಡು ಬರ್ತಿದ್ದರು. ಒಬ್ಬಳು ತನ್ನ ತಾಯಿಗೆ ಮೆಲ್ಲಗೆ, "ಎಲ್ಲಾ ಸರಿ ಹೋಗುತ್ತಮ್ಮ, ನಾನು ಹೇಳಿದ್ಹಾಗೆ ಕೇಳು" ಅಂತಿದ್ದಳು. ನನಗೆ ಅಲ್ಲಿ ನಿಲ್ಲೋಕೆ ಆಗಲಿಲ್ಲ.

ಮನೆಗೆ ಬಂದಾಗ ಅವ್ವ ಜಗಲಿ ಮೇಲೆ ಹೂ ಕಟ್ಟುತ್ತಾ ಕೂತಿದ್ದಳು. ಕಾಲ ಹತ್ತಿರ ಕುಸಿದೆ.

"ಅವ್ವಾ, ಬೀರೂರು ನೆನಪಿದೆಯಾ? ಬೀರೂರು ಸ್ಟೇಷನ್ನು, ಗೋಲಿ ಸೋಡಾ?"

"ಬೀರೂರಾ? ಕಡೂರಿಗೆ ಹೋಗೋವಾಗ ಇಳಿದಿದ್ವಿ. ನಾವಿಬ್ರೇ. ನೀನು ಸೋಡಾ ಕುಡಿದೆ, ಮೂಗಿಗೆ ಹತ್ತಿ ಅತ್ತೆ" ಅಂತ ನಕ್ಕಳು.

"ಹಸಿರು ಸೀರೆ ಅವ್ವಾ. ಹಸಿರು ಸೀರೆ ಹೆಂಗಸು. ಜ್ಞಾಪಿಸ್ಕೋ. ಅವಳ ಹೆಸರೇನು? ಯಾವ ಊರು?"

ಅವ್ವನ ಬೆರಳು ನಿಂತವು. ಅವಳ ಕಣ್ಣಲ್ಲಿ ಏನೋ ಹೊಳೆದ ಹಾಗಾಯ್ತು. ನಾನು ಈ ಸಲವಾದರೂ ಬಾಯಿ ಮುಚ್ಚಿಕೊಂಡು ಕಾದೆ.

"ಹಸಿರು ಸೀರೆ ಮರೆಯೋಕಾಗುತ್ತಾ?" ಅಂದಳು. "ನಂದೇ ಸೀರೆ ಅಲ್ವೇನೇ ಅದು. ಪುಟ್ಟಿಯನ್ನ ಮಣ್ಣಿಗೆ ಇಡೋವಾಗ ಹೊದಿಸಿದ್ದು."

ನನ್ನ ಬಾಯಿಂದ ಎಂಥ ಸದ್ದು ಬಂತೋ, ಅವ್ವ ಹೂವಿನ ಮೊರ ಪಕ್ಕಕ್ಕಿಟ್ಟು ನನ್ನ ಎರಡೂ ಕೈ ತನ್ನ ಕೈಯೊಳಗೆ ತಗೊಂಡಳು. ಗಟ್ಟಿಯಾಗಿ ಹಿಡಿದುಕೊಂಡಳು.

"ಯಾಕೇ ಅಳ್ತೀಯಾ? ನೋಡು, ಎಷ್ಟು ಚೆನ್ನಾಗಿ ಆಯ್ತು ನಿಮ್ಮ ಸೂಜಿಯಿಂದ. ಈಗ ನಂಗೆ ಎಲ್ಲಾ ನೆನಪಿದೆ ಕಣೆ. ಒಂದೇ ಒಂದೂ ಮರೆತಿಲ್ಲ."